ಕಲ್ಲಿಗೆ ಒಂದು ಪುಸ್ತಕ, ಜನಕ್ಕೆ ಒಂದು ಪುಸ್ತಕ: ನಾನು ಚಿತ್ರ ಕಲಿತ ಬಗೆ

ದಿನಾ ಒಂದು ತಾಸು ಕೂತು ಬರೆದರೆ ಚಿತ್ರ ತಾನಾಗೇ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಒಂದು ತಾಸಿನಲ್ಲಿ ಏನು ಬರೆಯಬೇಕು, ಎಷ್ಟು ವೇಗದಲ್ಲಿ ಬರೆಯಬೇಕು ಅನ್ನೋದನ್ನು ಹೇಳುವವರು ಕಡಿಮೆ. ನನ್ನ ಕೈ ಸುಧಾರಿಸಿದ್ದು ಎರಡು ಪುಸ್ತಕ ಇಟ್ಟುಕೊಂಡ ಮೇಲೆ. ಒಂದು ನಿಧಾನದ ಚಿತ್ರಕ್ಕೆ, ಇನ್ನೊಂದು ಅವಸರದ ಚಿತ್ರಕ್ಕೆ. ಮೊದಲನೆಯದರಲ್ಲಿ ಬರೀ ಕಲ್ಲು, ಎರಡನೆಯದರಲ್ಲಿ ಬರೀ ಜನ.

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಹಾವೇರಿ, ತವರು ಗದಗ ಜಿಲ್ಲೆಯ ಡಂಬಳ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋವರ್ ಪರೀಕ್ಷೆ ಪಾಸಾಗಿದ್ದೆ. ಆಮೇಲೆ ಮದುವೆ, ಮಕ್ಕಳು, ಕೆಲಸ. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಪೆನ್ಸಿಲ್ ಹಿಡಿದೆ.

ದಾರಿ ತೋರಿಸಿದವರು ನಮ್ಮ ಅಪ್ಪನ ಗೆಳೆಯರು, ಗದಗದಲ್ಲಿರುವ ನಿವೃತ್ತ ಡ್ರಾಯಿಂಗ್ ಮಾಸ್ತರರು. ಗದಗದಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಚಿತ್ರಶಾಲೆ, ಇವೆರಡರಿಂದ ನಮ್ಮ ಕಡೆಯ ಊರೂರಿಗೆ ಡ್ರಾಯಿಂಗ್ ಮಾಸ್ತರರು ಬಂದರು. ಇವರೂ ಗದಗದಲ್ಲೇ ಕಲಿತವರು. ಮೊಬೈಲ್ ನೋಡಿ ಬರೆದ ಮುಖಗಳನ್ನು ಅವರಿಗೆ ತೋರಿಸಿದೆ. ಒಂದೊಂದೇ ಹಾಳೆ ತಿರುವಿ, "ತಂಗಿ, ಫೋಟೋದಾಗ ಎಲ್ಲಾ ಮೊದಲ ಚಪ್ಪಟೆ ಆಗಿರ್ತದ. ನಿಮ್ಮೂರಾಗ ಅಂಥಾ ಗುಡಿ ಐತಿ, ಅಲ್ಲಿ ಹೋಗಿ ಕುಂದ್ರು" ಅಂದರು.

ಡಂಬಳದ ದೊಡ್ಡಬಸಪ್ಪನ ಗುಡಿ 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗೋಡೆ ನಕ್ಷತ್ರದ ಆಕಾರದಲ್ಲಿದೆ, 24 ಮೂಲೆ. ಈ ಆಕಾರ ಹೇಗೆ ಬರುತ್ತದೆ ಅಂತ ಮೊದಲು ಹಾಳೆಯ ಮೇಲೆ ಮಾಡಿ ನೋಡಿದೆ. ಒಂದು ಚೌಕ ಬರೆದು, ನಡುಬಿಂದು ಕದಲಿಸದೆ 15 ಡಿಗ್ರಿಯಂತೆ ತಿರುಗಿಸುತ್ತಾ ಹೋಗಬೇಕು. ಆರು ಚೌಕಕ್ಕೆ 24 ಮೂಲೆ ಸಿಗುತ್ತವೆ, ಪ್ರತಿಯೊಂದೂ 90 ಡಿಗ್ರಿ. ಲೆಕ್ಕ ಗೊತ್ತಾಯಿತು. ಗೋಡೆ ಎದುರು ಕೂತರೆ ಮಾತ್ರ ಕಣ್ಣಿಗೆ ಕಾಣುವುದೇ ಬೇರೆ. ನಡುವಿನ ಮೂಲೆಗಳು ಅಗಲ, ಅಂಚಿನ ಕಡೆ ಹೋದಷ್ಟೂ ಸೀರೆಯ ನೆರಿಗೆ ಒತ್ತಿ ಹಿಡಿದ ಹಾಗೆ ಇಕ್ಕಟ್ಟು. ಎಲ್ಲಾ ಸಮ ಅಂತ ತಲೆಗೆ ಗೊತ್ತಿರುವುದರಿಂದ ಕೈ ಸಮ ಮಾಡಲು ಹೋಗುತ್ತದೆ. ಅದಕ್ಕೇ ಅಳತೆ ಬೇಕು.

ಅಳತೆಗೆ ಮಾಸ್ತರರು ಹೇಳಿಕೊಟ್ಟಿದ್ದು ಎರಡೇ ಸಾಮಾನು. ಒಂದು ಪೆನ್ಸಿಲ್. ತೋಳು ಪೂರ್ತಿ ಚಾಚಿ, ಮೊಣಕೈ ಬಗ್ಗಿಸದೆ, ಒಂದು ಕಣ್ಣು ಮುಚ್ಚಿ ಪೆನ್ಸಿಲ್ಲಿನ ತುದಿಯನ್ನು ಗೋಡೆಯ ಒಂದು ಅಂಚಿಗೆ ಹಿಡಿಯಬೇಕು, ಹೆಬ್ಬೆರಳನ್ನು ಇನ್ನೊಂದು ಅಂಚಿಗೆ ಜಾರಿಸಬೇಕು. ಮೊಣಕೈ ಸ್ವಲ್ಪ ಬಗ್ಗಿದರೂ ಪೆನ್ಸಿಲ್ ಕಣ್ಣಿಗೆ ಹತ್ತಿರ ಬಂದು ಅಳತೆ ಬದಲಾಗುತ್ತದೆ. ಗುಡಿ ಎಷ್ಟು ಅಡಿ ಅನ್ನೋದು ನಮಗೆ ಬೇಡ. ಅಗಲದ ಎಷ್ಟು ಪಟ್ಟು ಎತ್ತರ, ಅಷ್ಟು ಸಿಕ್ಕರೆ ಸಾಕು. ಇನ್ನೊಂದು ಸಾಮಾನು ದಾರ, ಅದರ ತುದಿಗೆ ಕಟ್ಟಿದ ಸಣ್ಣ ಕಲ್ಲು. ದಾರ ಹಿಡಿದು ನೋಡಿದರೆ ಮೇಲಿನ ಯಾವ ಮೂಲೆ ಕೆಳಗಿನ ಯಾವ ಮೂಲೆಯ ನೇರಕ್ಕೆ ಬರುತ್ತದೆ ಅಂತ ತಕ್ಷಣ ತಿಳಿಯುತ್ತದೆ.

ಆಮೇಲೆ ನೆರಳು. ಡಂಬಳದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಬಿಸಿಲು ಓರೆಯಾಗುತ್ತದೆ. ಆಗ ಪ್ರತಿ ಮೂಲೆಯ ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಕೆತ್ತನೆ ನೋಡಿ ಮರುಳಾದರೆ ಕೆಲಸ ಕೆಡುತ್ತದೆ. ಅಷ್ಟು ಸಣ್ಣ ಕೆಲಸ ಗೋಡೆ ತುಂಬಾ ಇದೆ. ಕಣ್ಣು ಕಿರಿದು ಮಾಡಿ ನೋಡಿದರೆ ಕೆತ್ತನೆ ಮರೆಯಾಗಿ ಮೂರೇ ಉಳಿಯುತ್ತವೆ: ಬೆಳಕು, ನಡುವಿನ ಬೂದು, ಕಪ್ಪು. ಬೆಳಕಿಗೆ ಖಾಲಿ ಹಾಳೆ, ಬೂದು ಭಾಗಕ್ಕೆ ಎಚ್‌ಬಿ ಪೆನ್ಸಿಲ್, ಕಪ್ಪಿಗೆ 4ಬಿ. ಬಿ ಅಂಕಿ ಹೆಚ್ಚಾದಷ್ಟೂ ಸೀಸದಲ್ಲಿ ಜೇಡಿ ಕಡಿಮೆ, ಗ್ರಾಫೈಟ್ ಜಾಸ್ತಿ. ಅದಕ್ಕೇ ಅದು ಮೆತ್ತಗೆ, ಕಪ್ಪಗೆ ಬರುತ್ತದೆ. ಹತ್ತು ಪೆನ್ಸಿಲ್ಲಿನ ಡಬ್ಬಿ ಕೊಳ್ಳುವ ಅಗತ್ಯ ನನಗಂತೂ ಬಿದ್ದಿಲ್ಲ. ನೆರಳು ಸರಿಯುತ್ತಲೇ ಇರುತ್ತದೆ, ಹಾಗಾಗಿ ಕೂತ ಕೂಡಲೇ ನೆರಳಿನ ಅಂಚುಗಳನ್ನು ತೆಳುವಾಗಿ ಗುರುತು ಮಾಡಿಕೊಳ್ಳುತ್ತೇನೆ. ಆಮೇಲೆ ಬಿಸಿಲು ಎಲ್ಲಿಗೆ ಹೋದರೂ ಆ ಗುರುತು ಬಿಡುವುದಿಲ್ಲ. ತವರಿಗೆ ಹೋದಾಗಲೆಲ್ಲ ಇದೇ ಗೋಡೆ. ಅವ್ವನಿಗೆ ಈಗ ರೂಢಿಯಾಗಿದೆ, ಚಹಾ ಕುಡಿದ ಕೂಡಲೇ ಚೀಲ ತಂದು ಕೈಗೆ ಕೊಡುತ್ತಾಳೆ.

ಎರಡನೇ ಪುಸ್ತಕ ಬ್ಯಾಡಗಿಯ ಪೇಟೆಯದು. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಟ್ಯಾಗ್ ಕೂಡ ಸಿಕ್ಕಿತು. ಸುಗ್ಗಿಯಲ್ಲಿ ಸಾಲಾಗಿ ಕೂತು ಕಾಯಿ ಆರಿಸುವ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು. ಯಾರೂ ನಮಗೋಸ್ಕರ ಸುಮ್ನೆ ಕೂರುವುದಿಲ್ಲ. ಇಲ್ಲಿ ಪೆನ್ಸಿಲ್ ಅಳತೆ ಹಿಡಿಯುವಷ್ಟರಲ್ಲಿ ಆಳೇ ಇರುವುದಿಲ್ಲ. ಬಾಲ್ ಪೆನ್ನು, ಅಗ್ಗದ ಹಾಳೆಯ ಪುಸ್ತಕ, ಮಧ್ಯಾಹ್ನದ ಊಟದ ಬಿಡುವು. ಪೆನ್ನು ಯಾಕೆಂದರೆ ಅಳಿಸಲು ಆಗುವುದಿಲ್ಲ. ಗೆರೆ ತಪ್ಪಿದರೆ ಪಕ್ಕದಲ್ಲೇ ಇನ್ನೊಂದು ಗೆರೆ, ಕೆಲಸ ನಿಲ್ಲುವುದಿಲ್ಲ.

ಇಲ್ಲಿ ನಾನು ಕಂಡುಕೊಂಡ ಒಂದು ಉಪಾಯ ಹೇಳುತ್ತೇನೆ. ಕೆಲಸ ಮಾಡುವವರು ಅಲ್ಲಾಡುತ್ತಾರೆ ನಿಜ, ಆದರೆ ತಿರುಗಿ ಅದೇ ಭಂಗಿಗೆ ಬರುತ್ತಾರೆ. ಬಗ್ಗಿ ಕಾಯಿ ಎತ್ತಿಕೊಳ್ಳುವುದು, ಮಡಿಲ ಹತ್ತಿರ ತಂದು ತೊಟ್ಟು ಮುರಿಯುವುದು, ಪಕ್ಕಕ್ಕೆ ಎಸೆಯುವುದು. ಹಾಳೆಯಲ್ಲಿ ಮೂರು ಚಿತ್ರ ಒಟ್ಟಿಗೆ ಶುರು ಮಾಡುತ್ತೇನೆ. ಆಕೆ ಬಗ್ಗಿದಾಗ ಮೊದಲನೆಯದಕ್ಕೆ ಒಂದು ಗೆರೆ, ಮುರಿಯುವಾಗ ಎರಡನೆಯದಕ್ಕೆ, ಎಸೆಯುವಾಗ ಮೂರನೆಯದಕ್ಕೆ. ಮತ್ತೆ ಬಗ್ಗುತ್ತಾಳೆ, ಮತ್ತೆ ಮೊದಲನೆಯದು. ಹೀಗೆ ಒಬ್ಬಳೇ ಹೆಣ್ಣುಮಗಳ ಮೂರು ಚಿತ್ರ ಒಂದೇ ಹಾಳೆಯಲ್ಲಿ ಬೆಳೆಯುತ್ತವೆ. ಬೆನ್ನಿನ ಬಾಗು ಮೊದಲು, ಆಮೇಲೆ ತಲೆ, ಆಮೇಲೆ ತೋಳು. ಬೆರಳಿಗೆ ಹೊತ್ತು ಉಳಿದರೆ ಬೆರಳು. ಘಾಟಿಗೆ ಸೆರಗು ಮೂಗಿಗೆ ಕಟ್ಟಿಕೊಂಡಿರುತ್ತಾರೆ, ಹಾಗಾಗಿ ಮುಖದಲ್ಲಿ ಕಾಣುವುದು ಕಣ್ಣು ಮಾತ್ರ. ತಲೆಯ ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಸರಿಸುಮಾರು ನಟ್ಟನಡುವೆ ಬರುತ್ತದೆ. ಕಲಿಯುವವರು ಹೆಚ್ಚಾಗಿ ಹಣೆ ಸಣ್ಣದು ಮಾಡಿ ಕಣ್ಣನ್ನು ಮೇಲಕ್ಕೆ ಏರಿಸಿಬಿಡುತ್ತಾರೆ.

ಹಮಾಲರನ್ನು ಬರೆಯುವಾಗ ಡಂಬಳದ ದಾರ ನೆನಪಿಗೆ ಬಂತು. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ ಮನುಷ್ಯನ ಕುತ್ತಿಗೆಯ ಕುಳಿಯಿಂದ ದಾರ ಬಿಟ್ಟರೆ ಅದು ಆ ಪಾದದ ಹತ್ತಿರವೇ ಬೀಳುತ್ತದೆ. ಬೆನ್ನಿಗೆ ಚೀಲ ಬಂದ ಕೂಡಲೇ ಮೈ ಮುಂದಕ್ಕೆ ಬಾಗುತ್ತದೆ. ಚೀಲದ ಭಾರ, ಮೈಭಾರ ಎರಡೂ ಸೇರಿ ಪಾದದ ಮೇಲೇ ನಿಲ್ಲಬೇಕಲ್ವಾ? ಬಾಗು ಕಡಿಮೆ ಮಾಡಿ ಬರೆದರೆ ಚೀಲದಲ್ಲಿ ಹತ್ತಿ ತುಂಬಿದ ಹಾಗೆ ಕಾಣುತ್ತದೆ, ಅಥವಾ ಆಳು ಹಿಂದಕ್ಕೆ ಬೀಳುವ ಹಾಗೆ. ಗುಡಿಯ ಮುಂದೆ ನಿಧಾನವಾಗಿ ನೋಡಿ ನೋಡಿ ಕಣ್ಣಿಗೆ ಆ ನೇರ ಗೆರೆ ಕೂತಿದ್ದರಿಂದಲೇ ಪೇಟೆಯ ಅವಸರದಲ್ಲಿ ದಾರ ಇಲ್ಲದೆಯೂ ಅದು ಕಾಣಿಸಿತು. ಪೇಟೆಯಿಂದ ಗುಡಿಗೂ ಲಾಭವಾಯಿತು. ಈಗ ಗೋಡೆ ಬರೆಯುವಾಗಲೂ ಮೊದಲು ಇಡೀ ಗುಡಿಯ ನಿಲುವನ್ನು ನಾಲ್ಕಾರು ಗೆರೆಯಲ್ಲಿ ಹಿಡಿಯುತ್ತೇನೆ. ಮೂಲೆಗಳು ಆಮೇಲೆ.

ಜನ ನೋಡುತ್ತಾರೆ ಅಂತ ಹೆದರಿ ಮನೆಯಲ್ಲೇ ಬರೆಯುವವರು ಬಹಳ. ನಮ್ಮ ಪೇಟೆಯಲ್ಲಿ ಯಾರೂ ಬೇಜಾರು ಮಾಡಿಕೊಂಡಿಲ್ಲ. ಆದರೂ ಕೇಳಿಯೇ ಬರೆಯುತ್ತೇನೆ, ಬರೆದ ಮೇಲೆ ತೋರಿಸುತ್ತೇನೆ. ಒಬ್ಬಾಕೆ ಪುಸ್ತಕ ನೋಡಿ, "ಯಕ್ಕಾ, ಕೈ ನಂದ ಐತಿ ನೋಡ್ರಿ. ಆದ್ರ ಹಿಂಗ ತೊಟ್ಟ ಹಿಡಿದ್ರ ಕಾಯಿ ಒಡೀತೈತಿ" ಅಂದಳು. ಹೆಬ್ಬೆರಳು ಎಲ್ಲಿ ಇಡಬೇಕು ಅಂತ ಒಂದು ಕಾಯಿ ಹಿಡಿದು ತೋರಿಸಿದಳು. ಯಾವ ಡ್ರಾಯಿಂಗ್ ಕ್ಲಾಸಿನಲ್ಲಿ ಇಂಥ ತಿದ್ದುಪಡಿ ಸಿಕ್ಕೀತು?

ಬಣ್ಣಕ್ಕೆ ತಡವಾಗಿ ಬಂದೆ. ಇಲ್ಲಿ ಒಂದೇ ಮಾತು. ಕೆಂಪು ರಾಶಿಯ ನೆರಳಿಗೆ ಕಪ್ಪು ಬೆರೆಸಿದರೆ ಬಣ್ಣ ಸತ್ತುಹೋಗುತ್ತದೆ. ಕೆಂಪಿಗೇ ಚೂರು ಹಸಿರು ಬೆರೆಸಿದರೆ ನೆರಳು ಆಳವಾಗುತ್ತದೆ, ಕೆಂಪಾಗಿಯೂ ಉಳಿಯುತ್ತದೆ.

ಈಗ ಮನೆಯ ಗೋಡೆಗೆ 22 ಇಂಚು ಅಗಲ, 30 ಇಂಚು ಉದ್ದದ ಹಾಳೆ ಹಚ್ಚಿದ್ದೇನೆ. ಪೇಟೆಯ ಪುಸ್ತಕದಿಂದ ಆಯ್ದ ಹೆಣ್ಣುಮಕ್ಕಳನ್ನು ಬೇರೆ ಕಾಗದದಲ್ಲಿ ಬರೆದು, ಕತ್ತರಿಸಿ, ಆ ಹಾಳೆಯ ಮೇಲೆ ಅತ್ತಿತ್ತ ಸರಿಸಿ ನೋಡುತ್ತೇನೆ. ಮುಂದಿನ ಸಾಲು ಕೂತಿದೆ. ಹಿಂದಿನ ಸಾಲಿನವರ ಭುಜಗಳು ಒಂದೇ ಎತ್ತರಕ್ಕೆ ಬಂದು ಗೋಡೆಯಂತೆ ಅಡ್ಡ ನಿಲ್ಲುತ್ತಿವೆ. ಒಬ್ಬಳನ್ನು ಎಬ್ಬಿಸಿ ನಿಲ್ಲಿಸಿದರೆ ಸರಿಹೋಗಬಹುದು. ಎದ್ದು ಸೀರೆ ಕೊಡವುವ ಭಂಗಿ ನನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಾಳೆ ಊಟದ ಬಿಡುವಿನಲ್ಲಿ ಅದನ್ನೇ ಬರೆಯಬೇಕು.