ದಿನಗಟ್ಟಲೆ ಕರೆಂಟ್ ಬಾರದಿದ್ದಾಗ ಜನರೇಟರ್ ಕೈಕೊಡದಂತೆ ನೋಡಿಕೊಳ್ಳುವುದು

ಮನೆಯ ಜನರೇಟರ್ ಮಾಮೂಲಿ ದಿನಗಳಲ್ಲಿ ಅಪರೂಪಕ್ಕೆ ಒಂದೆರಡು ಗಂಟೆ ಓಡುತ್ತದೆ, ಮತ್ತೆ ಮೂಲೆ ಸೇರುತ್ತದೆ. ಹಾಗಾಗಿ ಅದರ ಸರ್ವಿಸನ್ನು ನಾವು ವರ್ಷದ ಲೆಕ್ಕದಲ್ಲಿ ಯೋಚಿಸುತ್ತೇವೆ. ಗಾಳಿಮಳೆಗೆ ಲೈನ್ ಕಡಿದು ನಾಲ್ಕೈದು ದಿನ ಕರೆಂಟ್ ಇಲ್ಲವೆಂದಾಗ ಆ ಲೆಕ್ಕ ಕೆಲಸಕ್ಕೆ ಬಾರದು. ಹಗಲೂ ರಾತ್ರಿ ಓಡಿಸಿದರೆ ನಾಲ್ಕು ದಿನಕ್ಕೆ 96 ಗಂಟೆ ಆಗುತ್ತದೆ. ಬೈಕೊಂದು ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತು ಓಡಿದರೆ 3,840 ಕಿ.ಮೀ. ಅಷ್ಟು ದೂರ ಆಯಿಲ್ ನೋಡದೆ ಬೈಕ್ ಓಡಿಸಲು ಹೆದರುವವರೇ ಜನರೇಟರಿಗೆ ಪೆಟ್ರೋಲ್ ಮಾತ್ರ ಸುರಿಯುತ್ತಾ ಹೋಗುತ್ತಾರೆ.

ಆದ್ದರಿಂದ ಮೊದಲು ಬೇಕಾದದ್ದು ಒಂದು ನೋಟ್‌ಬುಕ್ಕು ಮತ್ತು ಪೆನ್ನು. ಸ್ಟಾರ್ಟ್ ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಹಾಕಿದ ಪೆಟ್ರೋಲ್, ಹಾಕಿದ ಆಯಿಲ್ ಇಷ್ಟನ್ನು ಬರೆಯುತ್ತಾ ಹೋಗಿ. ಮೂರನೆಯ ದಿನ ನಿದ್ದೆಗೆಟ್ಟ ತಲೆಗೆ ಎಷ್ಟು ಗಂಟೆ ಓಡಿದೆ ಎಂಬುದು ನೆನಪಿರುವುದಿಲ್ಲ. ಇಲ್ಲಿ ಹೇಳಿರುವುದು ಮುಖ್ಯವಾಗಿ 2ರಿಂದ 7 ಕೆವಿಎ ವರೆಗಿನ, ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಪೆಟ್ರೋಲ್ ಜನರೇಟರುಗಳಿಗೆ. ಡೀಸೆಲ್ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

ಇಡುವ ಜಾಗ

ಇದರಲ್ಲಿ ರಾಜಿಯೇ ಇಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜು, ಮುಚ್ಚಿದ ವರಾಂಡ, ಮೆಟ್ಟಿಲ ಕೆಳಗಿನ ಜಾಗ ಯಾವುದೂ ಬೇಡ. ಬಾಗಿಲು ತೆರೆದಿಟ್ಟರೂ ಬೇಡ. ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ ಬಯಲಿನಲ್ಲಿ ಇಡಿ. ಸೈಲೆನ್ಸರಿನ ಬಾಯಿ ನಿಮ್ಮ ಕಿಟಕಿಗೂ ನೆರೆಮನೆಯ ಕಿಟಕಿಗೂ ಬೆನ್ನು ಮಾಡಿರಲಿ. ಗಾಳಿಯ ದಿಕ್ಕು ಬದಲಾದರೆ ಮತ್ತೊಮ್ಮೆ ನೋಡಿ. ಒಳಗಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಒಟ್ಟೊಟ್ಟಿಗೆ ಶುರುವಾದರೆ ಊಟದ ಮೇಲೆ ಅನುಮಾನ ಪಡುವ ಮೊದಲು ಎಲ್ಲರನ್ನೂ ಹೊರಗೆ ಕರೆತಂದು ವೈದ್ಯಕೀಯ ನೆರವು ಪಡೆಯಿರಿ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ (ಸಿಒ) ಅಲಾರಂ ಇದ್ದರೆ ಒಳ್ಳೆಯದು.

ಮಳೆಯಿಂದ ಕಾಪಾಡಲು ಮೇಲೊಂದು ಶೀಟು ಸಾಕು, ನಾಲ್ಕೂ ಕಡೆ ತೆರೆದಿರಬೇಕು. ಟಾರ್ಪಾಲಿನಲ್ಲಿ ಸುತ್ತಿದರೆ ಇಂಜಿನ್ ತನ್ನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಕಾಯುತ್ತದೆ. ಸುತ್ತಲೂ ಒಂದು ಮೀಟರ್ ಬಿಡಿ. ನೆಲ ಮಟ್ಟಸವಾಗಿರಲಿ, ಯಾಕೆಂಬುದು ಆಯಿಲ್ ವಿಷಯದಲ್ಲಿ ಗೊತ್ತಾಗುತ್ತದೆ.

ಆಯಿಲ್

160ರಿಂದ 200 ಸಿಸಿಯ ಸಣ್ಣ ಇಂಜಿನ್‌ಗಳಲ್ಲಿ ಹಿಡಿಯುವ ಆಯಿಲ್ ಸುಮಾರು 0.6 ಲೀಟರ್. 400 ಸಿಸಿ ಆಸುಪಾಸಿನದಕ್ಕೆ ಸುಮಾರು 1.1 ಲೀಟರ್. ಇಷ್ಟೇ ಆಯಿಲ್ ಇರುವಾಗ 150 ಮಿ.ಲೀ. ಸುಟ್ಟುಹೋದರೆ ಕಾಲುಭಾಗವೇ ಹೋದಂತೆ. ಸಾಲದ್ದಕ್ಕೆ ಇಂತಹ ಹೆಚ್ಚಿನ ಇಂಜಿನ್‌ಗಳಲ್ಲಿ ಆಯಿಲ್ ಪಂಪೂ ಇಲ್ಲ, ಆಯಿಲ್ ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ತುದಿಯ ಸಣ್ಣ ಚಮಚದಂಥ ಭಾಗ ಕೆಳಗಿನ ಆಯಿಲನ್ನು ಎರಚುತ್ತದೆ, ಅಷ್ಟೇ. ಮಟ್ಟ ಇಳಿದರೆ ಚಮಚಕ್ಕೆ ಆಯಿಲ್ ಎಟುಕುವುದಿಲ್ಲ. ಫಿಲ್ಟರ್ ಇಲ್ಲದ ಕಾರಣ ಕೊಳೆಯೂ ಲೋಹದ ಪುಡಿಯೂ ಅದರಲ್ಲೇ ಸುತ್ತುತ್ತಿರುತ್ತವೆ.

ಪ್ರತಿ ಸಲ ಪೆಟ್ರೋಲ್ ಹಾಕುವಾಗ, ಇಲ್ಲವೇ 8 ಗಂಟೆಗೊಮ್ಮೆ ಆಯಿಲ್ ನೋಡಿ. ಇಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ತೆಗೆದು ಒರೆಸಿ, ಮತ್ತೆ ಇಳಿಸಿ ನೋಡಿ. ಎಷ್ಟೋ ಇಂಜಿನ್‌ಗಳಲ್ಲಿ ಅಳತೆ ನೋಡುವಾಗ ಅದನ್ನು ತಿರುಗಿಸಿ ಬಿಗಿಯಬಾರದು, ಸುಮ್ಮನೆ ಬಾಯಿಗೆ ಕೂರಿಸಬೇಕು. ನಿಮ್ಮದರ ಕ್ರಮ ಪುಸ್ತಿಕೆಯಲ್ಲಿರುತ್ತದೆ. ಆಯಿಲ್ ಕಡಿಮೆಯಾದರೆ ತಾನೇ ನಿಲ್ಲುವ ಸೆನ್ಸರ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಅದು ಮಟ್ಟವನ್ನಷ್ಟೇ ಅಳೆಯುತ್ತದೆ, ಆಯಿಲ್ ಕೆಟ್ಟಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಯಂತ್ರ ಓರೆಯಾಗಿ ನಿಂತಿದ್ದರೆ ಆಯಿಲ್ ಇದ್ದರೂ ಇಂಜಿನ್ ನಿಲ್ಲಿಸಬಹುದು, ಇಲ್ಲದಿದ್ದರೂ ಸುಮ್ಮನಿರಬಹುದು.

ಬದಲಾಯಿಸುವುದು ಯಾವಾಗ? ಪುಸ್ತಿಕೆಗಳು ಸಾಮಾನ್ಯವಾಗಿ 100 ಗಂಟೆ ಎನ್ನುತ್ತವೆ. ಬಿಸಿಲಿನಲ್ಲಿ, ಹೆಚ್ಚು ಲೋಡಿನಲ್ಲಿ ಎಡೆಬಿಡದೆ ಓಡುತ್ತಿದ್ದರೆ 50 ಗಂಟೆಗೇ ಬದಲಾಯಿಸುವುದು ಕ್ಷೇಮ. ಹೊಸ ಯಂತ್ರವಾದರೆ ಮೊದಲ ಬದಲಾವಣೆ ಸುಮಾರು 20 ಗಂಟೆಗೆ, ಏಕೆಂದರೆ ಹೊಸ ಭಾಗಗಳು ಒಂದಕ್ಕೊಂದು ಸವೆದು ಹೊಂದಿಕೊಳ್ಳುವಾಗ ಬಿಡುವ ಲೋಹದ ಪುಡಿಯೆಲ್ಲ ಆ ಆಯಿಲಿನಲ್ಲಿರುತ್ತದೆ. ಕರೆಂಟ್ ಹೋದ ದಿನವೇ ಅವಸರದಲ್ಲಿ ಜನರೇಟರ್ ಕೊಂಡು ತಂದವರಿಗೆ ಈ 20 ಗಂಟೆ ಮರುದಿನವೇ ಬಂದುಬಿಡುತ್ತದೆ.

ಬದಲಾಯಿಸುವ ಕ್ರಮ: ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಬೆಚ್ಚಗಿರುವಾಗ ಆಯಿಲ್ ಪೂರ್ತಿ ಇಳಿಯುತ್ತದೆ, ತಣ್ಣಗಾದರೆ ಕೊಳೆ ತಳದಲ್ಲೇ ಕೂರುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಕೆಳಗೆ ಅಗಲವಾದ ಡಬ್ಬಿ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಎದುರು ಬದಿಗೆ ಒಂದು ಇಟ್ಟಿಗೆ ಕೊಟ್ಟರೆ ಕೊನೆಯ ಹನಿಯೂ ಇಳಿಯುತ್ತದೆ. ಬೋಲ್ಟನ್ನು ಹೊಸ ವಾಷರ್ ಹಾಕಿ ಬಿಗಿಯಿರಿ, ಇಟ್ಟಿಗೆ ತೆಗೆಯಿರಿ, ಹೊಸ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ ಅಳತೆ ನೋಡಿ. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಸೋರಿಕೆ ನೋಡಿ, ಮಟ್ಟ ಮತ್ತೊಮ್ಮೆ ನೋಡಿ. ಧಾರಾಳವಾಗಿ ಹೆಚ್ಚು ಹಾಕುವುದೂ ತಪ್ಪೇ: ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ನುಗ್ಗಿ ನೀಲಿ ಹೊಗೆ ಬರುತ್ತದೆ. 10ಡಬ್ಲ್ಯೂ-30 ಸಾಮಾನ್ಯವಾಗಿ ಸರಿ. ಸುಡುಬಿಸಿಲಿನಲ್ಲಿ ಪುಸ್ತಿಕೆ ಒಪ್ಪಿದರೆ ಎಸ್‌ಎಇ 30 ಅಥವಾ 15ಡಬ್ಲ್ಯೂ-40. ಹೇಳಿದ ಗ್ರೇಡ್ ಸಿಗದಿದ್ದರೆ ಕಾರಿನ ಫೋರ್ ಸ್ಟ್ರೋಕ್ ಆಯಿಲ್ ಹಾಕಿ ಓಡಿಸಬಹುದು. ಟೂ ಸ್ಟ್ರೋಕ್ ಆಯಿಲ್ ಮಾತ್ರ ಮುಟ್ಟಬೇಡಿ.

ಇನ್ನೊಂದು ಸೂಕ್ಷ್ಮವಿದೆ. ಆಯಿಲ್ ಮಟ್ಟ ಇಳಿಯುವುದಷ್ಟೇ ಅಲ್ಲ, ಏರುವುದೂ ಅಪಾಯ. ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಬಂದು ಮಟ್ಟವೂ ಮೇಲಿದ್ದರೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ಸಿಲಿಂಡರ್ ಮೂಲಕ ಆಯಿಲಿಗೆ ಇಳಿಯುತ್ತಿದೆ ಎಂದರ್ಥ. ನೀರಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಆಯಿಲ್ ಬದಲಾಯಿಸಿ ಫ್ಲೋಟ್ ಸರಿಮಾಡಿಸುವವರೆಗೂ ಸ್ಟಾರ್ಟ್ ಮಾಡಬೇಡಿ. ಪ್ರತಿ ಸಲ ನಿಲ್ಲಿಸಿದಾಗ ಕಾಕ್ ಮುಚ್ಚಿ ಎನ್ನುವುದು ಇದಕ್ಕೇ.

ಪೆಟ್ರೋಲ್, ಓಡಿಸುವ ಹೊತ್ತು

2.5 ಕೆವಿಎ ಆಸುಪಾಸಿನ ಯಂತ್ರ ಅರ್ಧ ಲೋಡಿನಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ. ನಿಮ್ಮದರ ಲೆಕ್ಕವನ್ನು ನೋಟ್‌ಬುಕ್ಕೇ ಎರಡು ದಿನದಲ್ಲಿ ಹೇಳುತ್ತದೆ. ದಿನವಿಡೀ ಓಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24. ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನ ಒಂದು, ಸಂಜೆ ಮೂರು ಎಂದು ಕಂತಿನಲ್ಲಿ ಓಡಿಸಿ, ಆ ಹೊತ್ತಿನಲ್ಲೇ ನೀರು ಏರಿಸಿ, ಫೋನು ಮತ್ತು ಇನ್ವರ್ಟರ್ ಬ್ಯಾಟರಿ ಚಾರ್ಜ್ ಮಾಡಿಕೊಂಡರೆ ದಿನಕ್ಕೆ ಆರು ಲೀಟರಿನಲ್ಲಿ ಮುಗಿಯುತ್ತದೆ. 100 ಗಂಟೆ ತುಂಬಲು ಸುಮಾರು ಹದಿನೇಳು ದಿನ ಹಿಡಿಯುತ್ತದೆ. ರಾತ್ರಿಯ ಫ್ಯಾನು, ದೀಪವನ್ನು ಇನ್ವರ್ಟರಿಗೆ ಬಿಡಿ. ಜನರೇಟರಿನ ವೋಲ್ಟೇಜ್ ಏರಿಳಿತ ಕಂಡು ಇನ್ವರ್ಟರ್ ಚಾರ್ಜ್ ತೆಗೆದುಕೊಳ್ಳದಿದ್ದರೆ, ಅದರ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇದೆಯೇ ನೋಡಿ. ನಾರ್ಮಲ್‌ಗೆ ಹಾಕಿದರೆ ಹೆಚ್ಚು ಏರಿಳಿತವನ್ನು ಒಪ್ಪಿಕೊಳ್ಳುತ್ತದೆ.

ಓಡುತ್ತಿರುವಾಗ ಪೆಟ್ರೋಲ್ ಹಾಕಲೇಬಾರದು. ನಿಲ್ಲಿಸಿ 15ರಿಂದ 20 ನಿಮಿಷ ತಣಿಯಲು ಬಿಡಿ. ಸೈಲೆನ್ಸರಿನ ಮೇಲೆ ಚೆಲ್ಲಿದ ಒಂದು ಲೋಟ ಪೆಟ್ರೋಲ್ ಸಾಕು ಬೆಂಕಿ ಹತ್ತಲು. ಜರಡಿಯ ಮೂಲಕವೇ ಹಾಕಿ, ಕತ್ತಿನವರೆಗೆ ತುಂಬದೆ ಎರಡು ಮೂರು ಸೆಂ.ಮೀ. ಬಿಡಿ. ಕತ್ತಲಲ್ಲಿ ಟಾರ್ಚ್ ಹಿಡಿಯಿರಿ, ಮೇಣದಬತ್ತಿ ಬೇಡ.

ಗಾಳಿ, ಪ್ಲಗ್, ಬೋಲ್ಟು

ಏರ್ ಫಿಲ್ಟರನ್ನು 50 ಗಂಟೆಗೊಮ್ಮೆ, ಧೂಳಿರುವ ಕಡೆ 25 ಗಂಟೆಗೊಮ್ಮೆ ಬಿಚ್ಚಿ. ಸ್ಪಂಜಿನದಾದರೆ ಸೋಪು ನೀರಿನಲ್ಲಿ ತೊಳೆದು, ಹಿಂಡದೆ ಅಂಗೈಗಳ ನಡುವೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ. ಆಮೇಲೆ ನಾಲ್ಕಾರು ಹನಿ ಇಂಜಿನ್ ಆಯಿಲ್ ಹಾಕಿ ಹಿಸುಕಿ ಹೆಚ್ಚಿನದನ್ನು ಹೊರತೆಗೆಯಿರಿ. ಕಾಗದದ್ದಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ನೀರೂ ಆಯಿಲೂ ಅದಕ್ಕೆ ವಿಷ. ಫಿಲ್ಟರ್ ಒಣಗುವವರೆಗೆ ಹಾಗೇ ಓಡಿಸೋಣ ಎಂಬ ಅವಸರ ಬೇಡ, ಒಳಗೆ ಹೋದ ಮರಳಿನ ಕಣ ಸಿಲಿಂಡರಿನ ಗೋಡೆಯನ್ನು ಗೀರುತ್ತದೆ.

ಪ್ಲಗ್ಗಿನ ತುದಿ ತಿಳಿಕಂದು ಇದ್ದರೆ ಇಂಜಿನ್ ಸುಖವಾಗಿದೆ. ಕಪ್ಪು ಮಸಿ ಇದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಚೋಕ್ ಪೂರ್ತಿ ಬಿಟ್ಟಿಲ್ಲ. ಬೆಳ್ಳಗಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ. ಅದುರಾಟಕ್ಕೆ ಸಡಿಲಾಗುವುದರಿಂದ ದಿನಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ, ಸೈಲೆನ್ಸರ್ ಬೋಲ್ಟುಗಳ ಮೇಲೆ ಸ್ಪ್ಯಾನರ್ ಆಡಿಸಿ. ಹಗ್ಗ ಎಳೆಯುವ ಬದಿಯ ಜಾಲರಿಯಲ್ಲಿ ಎಲೆ, ಹುಲ್ಲು ಸಿಕ್ಕಿಕೊಂಡಿದ್ದರೆ ತೆಗೆಯಿರಿ. ತಣಿಸುವ ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ.

ಲೋಡ್ ಮತ್ತು ವೈರಿಂಗ್

ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು ಕೊಲೆಗೆ ಸಮ. ನಿಮ್ಮ 230 ವೋಲ್ಟ್ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಹೋಗಿ ಸಾವಿರಾರು ವೋಲ್ಟಾಗುತ್ತದೆ, ಕಂಬದ ಮೇಲೆ ದುರಸ್ತಿಗೆ ನಿಂತ ಲೈನ್‌ಮ್ಯಾನಿಗೆ ತಗಲುತ್ತದೆ. ಮನೆಯ ವೈರಿಂಗಿಗೆ ಕೊಡುವುದಾದರೆ ಎಲೆಕ್ಟ್ರಿಷಿಯನ್ ಕೂರಿಸಿದ ಚೇಂಜ್‌ಓವರ್ ಸ್ವಿಚ್ (ಬೀದಿ ಲೈನ್, ಜನರೇಟರ್ ಎರಡರಲ್ಲಿ ಒಂದನ್ನಷ್ಟೇ ಮನೆಗೆ ಜೋಡಿಸುವ ಸ್ವಿಚ್) ಬೇಕೇ ಬೇಕು. ಮೇನ್ ಸ್ವಿಚ್ ಆಫ್ ಮಾಡಿದ್ದೇನಲ್ಲ ಎಂಬುದು ಸಾಲದು. ಅದನ್ನು ಯಾರಾದರೂ ಮೇಲೆತ್ತಬಹುದು. ಚೇಂಜ್‌ಓವರ್ ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ವೈರಿನಿಂದ ನೇರವಾಗಿ ಫ್ರಿಜ್ಜಿಗೆ ಕೊಡಿ. 25 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರ್ ಇರಲಿ, ಸುರುಳಿ ಪೂರ್ತಿ ಬಿಚ್ಚಿರಿ. ಸುತ್ತಿಟ್ಟ ವೈರ್ ಒಳಗೊಳಗೇ ಕಾದು ಕರಗುತ್ತದೆ.

ಪ್ಲೇಟಿನ ಮೇಲಿನ ದೊಡ್ಡ ಸಂಖ್ಯೆ ಗರಿಷ್ಠ ಶಕ್ತಿಯದು. ನಿರಂತರ ಶಕ್ತಿಯ ಸಂಖ್ಯೆ ಹುಡುಕಿ, ಅದರ ಶೇ. 75ರಿಂದ 80ರೊಳಗೆ ಓಡಿಸಿ. ಪಂಪು, ಫ್ರಿಜ್ಜುಗಳ ಮೋಟರ್ ಹೊರಡುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ಮೊದಲು ದೊಡ್ಡ ಮೋಟರ್, ಅದು ಹದಕ್ಕೆ ಬಂದ ಮೇಲೆ ಉಳಿದವು ಒಂದೊಂದಾಗಿ. ನಿಲ್ಲಿಸುವಾಗ ಎಲ್ಲ ಲೋಡ್ ತೆಗೆದು, ಮೂರು ನಿಮಿಷ ಖಾಲಿ ಓಡಿಸಿ ಆಮೇಲೆ ಆಫ್.

ಏನೋ ಸರಿಯಿಲ್ಲ ಅನಿಸಿದಾಗ

ಒಂದು ಗಂಟೆ ಚೆನ್ನಾಗಿ ಓಡಿ ತಾನೇ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿರಬಹುದು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದಿಲ್ಲ. ತಣಿದ ಮೇಲೆ ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಎಳೆದರೆ ಅದೇ ಕಾರಣ.

ಇಂಜಿನ್ ಸದ್ದು ಉಯ್ಯಾಲೆಯಂತೆ ಏರಿ ಇಳಿಯುತ್ತಿದ್ದರೆ ಚೋಕನ್ನು ಅರ್ಧ ಎಳೆದು ನೋಡಿ. ಸದ್ದು ಸಮವಾದರೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಕಾರ್ಬುರೇಟರಿನ ಜೆಟ್ಟಿನಲ್ಲಿ (ಪೆಟ್ರೋಲ್ ಹೋಗುವ ಸಣ್ಣ ತೂತಿನಲ್ಲಿ) ಕಸ ಕೂತಿದೆ. ಇಂಜಿನ್ ತಣ್ಣಗಿರುವಾಗ ಕಾಕ್ ಮುಚ್ಚಿ, ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಶೀಶೆಗೆ ಇಳಿಸಿ. ತಳದಲ್ಲಿ ಗುಂಡಗೆ ಕೂರುವ ಹನಿಗಳು ನೀರು. ಇಂಜಿನ್ ವೇಗವನ್ನು ಹದದಲ್ಲಿಡುವ ಗವರ್ನರಿನ ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗಬೇಡಿ. ವೇಗ ಬದಲಾದರೆ ಫ್ರೀಕ್ವೆನ್ಸಿಯೂ ವೋಲ್ಟೇಜೂ ತಪ್ಪಿ ಮನೆಯ ಸಾಮಾನು ಸುಡುತ್ತದೆ.

ಇಂಜಿನ್ ಓಡುತ್ತಿದೆ, ಕರೆಂಟ್ ಇಲ್ಲ: ಮೊದಲು ಪ್ಯಾನೆಲ್ಲಿನ ಬ್ರೇಕರ್ ಬಿದ್ದಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಇಲ್ಲವಾದರೆ ಕಾರ್ಬನ್ ಬ್ರಷ್ ಅಥವಾ ಎವಿಆರ್ (ವೋಲ್ಟೇಜನ್ನು ಹದದಲ್ಲಿಡುವ ಭಾಗ) ಕೆಟ್ಟಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಡೀಸೆಲ್ ಯಂತ್ರದವರಿಗೆ ಬೇರೆ ಚಿಂತೆ. ಟ್ಯಾಂಕ್ ಪೂರ್ತಿ ಬರಿದಾಗಲು ಬಿಡಬೇಡಿ. ಲೈನಿಗೆ ಗಾಳಿ ಸೇರಿದರೆ ಏರ್ ತೆಗೆಯುವವರೆಗೂ ಹೊರಡುವುದಿಲ್ಲ. ನೀರು ಬೇರ್ಪಡಿಸುವ ಫಿಲ್ಟರಿನ ಕೆಳಗಿನ ತಿರುಪನ್ನು ದಿನಕ್ಕೊಮ್ಮೆ ಬಿಟ್ಟು ನೀರು ತೆಗೆಯಿರಿ. ರೇಡಿಯೇಟರ್ ಇದ್ದರೆ ಕೂಲೆಂಟನ್ನು ತಣ್ಣಗಿರುವಾಗಲೇ ನೋಡಿ. ನಾಲ್ಕು ದೀಪಕ್ಕಾಗಿ ದೊಡ್ಡ ಡೀಸೆಲ್ ಸೆಟ್ಟನ್ನು ಗಂಟೆಗಟ್ಟಲೆ ಓಡಿಸಬೇಡಿ: ಲೋಡ್ ಶೇ. 30ಕ್ಕಿಂತ ಕಡಿಮೆಯಿದ್ದರೆ ಇಂಜಿನ್ ಸಾಕಷ್ಟು ಕಾಯದೆ, ಸುಡದ ಡೀಸೆಲ್ ಕಪ್ಪು ಜಿಡ್ಡಾಗಿ ಸೈಲೆನ್ಸರಿನಲ್ಲಿ ಕಟ್ಟುತ್ತದೆ.

ಕರೆಂಟ್ ಬಂದ ಮೇಲೆ ಪೆಟ್ರೋಲ್ ಯಂತ್ರವನ್ನು ಹಾಗೇ ಮೂಲೆಗೆ ತಳ್ಳಬೇಡಿ. ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಲೋಡಿಲ್ಲದೆ ಓಡಿಸಿ. ಟ್ಯಾಂಕಿನದನ್ನು ಇಳಿಸಿ ಗಾಡಿಗೆ ಹಾಕಿ ಖರ್ಚು ಮಾಡಿ. ಇಂಜಿನ್ ಇನ್ನೂ ಬೆಚ್ಚಗಿರುವಾಗಲೇ ಆಯಿಲ್ ಬದಲಾಯಿಸಿ, ನೋಟ್‌ಬುಕ್ಕಿನಲ್ಲಿ ತಾರೀಕು, ಒಟ್ಟು ಗಂಟೆ ಬರೆದು ಅದನ್ನು ಪ್ಲಗ್ ಸ್ಪ್ಯಾನರಿನ ಜೊತೆಗೆ ಒಂದೇ ಚೀಲದಲ್ಲಿ ಹಿಡಿಕೆಗೆ ಕಟ್ಟಿಡಿ.