100 ಪಿಕ್ಸೆಲ್ ಐಕಾನ್‌ಗೆ ಕಸೂತಿ ದಡಿ: ನನ್ನ ಅನುಭವ

ನಮ್ಮ ಚಿಗವ್ವ ಮತ್ತು ಅವರ ಗೆಳತಿಯರು ಧಾರವಾಡದಲ್ಲಿ ಕಸೂತಿ ಹಾಕುತ್ತಾರೆ. ಸೀರೆ, ಖಣ, ದಿಂಬಿನ ಕವರ್, ಕರವಸ್ತ್ರ, ಹೀಗೆ ಕೇಳಿದ್ದನ್ನು ಮಾಡಿಕೊಡುತ್ತಾರೆ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ. ಹೋದ ವರ್ಷ ಒಂದು ಮಾರಾಟದ ಸೈಟ್‌ನಲ್ಲೂ ಹೆಸರು ಹಾಕಿಸಿದರು. ಅಲ್ಲಿ 100 ಪಿಕ್ಸೆಲ್ ಅಗಲ, 100 ಪಿಕ್ಸೆಲ್ ಎತ್ತರದ ಐಕಾನ್ ಬೇಕಿತ್ತು. ವಾಟ್ಸಾಪ್ ಗ್ರೂಪಿಗೂ ಒಂದು ಬೇಕಿತ್ತು. ಕೆಲಸ ನನಗೆ ಬಂತು.

ಫೋಟೋ ರೆಡಿ ಇತ್ತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಚಿಗವ್ವನೇ ಹಾಕಿದ ಗೋಪುರ. ಸುತ್ತ ಒಂದು ಚೆಂದದ ಅಂಚು ಬೇಕು, ಅಷ್ಟೇ. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಮೂರು ಸಂಜೆ ಹಿಡಿಯಿತು. ಆ ಮೂರು ಸಂಜೆಯಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಐಕಾನ್‌ಗೆ ಅಂಚು ಕಟ್ಟುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ.

ನಾನು ಬಳಸಿದ್ದು ಗಿಂಪ್ 2.10. ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಬೇರೆ ಯಾವುದೇ ಎಡಿಟರ್ ಇದ್ದರೂ ಲೆಕ್ಕ ಒಂದೇ.

ಮೊದಲ ಸಂಜೆ ನೆಟ್‌ನಿಂದ ಒಂದು ಬಂಗಾರದ ಬಣ್ಣದ ಚೌಕಟ್ಟು ಇಳಿಸಿಕೊಂಡೆ. 3000 ಪಿಕ್ಸೆಲ್ ಅಗಲ. ಬಳ್ಳಿ, ಎಲೆ, ಹೂವು ಎಲ್ಲ ಇದ್ದವು. ಅದನ್ನು 100ಕ್ಕೆ ಇಳಿಸಿದೆ. 30 ಪಿಕ್ಸೆಲ್ ಇದ್ದದ್ದು ಒಂದಾಗುತ್ತದೆ, ಅಲ್ವಾ? ಬಳ್ಳಿಯ ದಪ್ಪವೇ ಏಳೆಂಟು ಪಿಕ್ಸೆಲ್. ಹಾಗಾಗಿ ಬಳ್ಳಿಯೇ ಉಳಿಯಲಿಲ್ಲ. ಅರಿಶಿಣದ ಕಲೆಯಂಥ ಒಂದು ಪಟ್ಟೆ ಉಳಿಯಿತು. ಆಗ ಒಂದು ಮಾತು ಸ್ಪಷ್ಟವಾಯಿತು. ಸಣ್ಣ ಐಕಾನ್‌ನ ಅಂಚನ್ನು ದೊಡ್ಡದರಿಂದ ಇಳಿಸಿ ತರಬಾರದು. ಆ ಅಳತೆಯಲ್ಲೇ, ಒಂದೊಂದು ಪಿಕ್ಸೆಲ್ ಇಟ್ಟು ಕಟ್ಟಬೇಕು.

ಹಾಗಾದರೆ ಕಸೂತಿಯನ್ನೇ ಯಾಕೆ ಹಾಕಬಾರದು ಅನ್ನಿಸಿತು. ಕಸೂತಿಗೆ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿ ಸೂಜಿ ಹಾಕುವುದು. ಪಿಕ್ಸೆಲ್ ಕೂಡ ಹಾಗೇ ಅಲ್ವಾ, ಚೌಕ ಚೌಕ. ಮುರ್ಗಿ ಹೊಲಿಗೆ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ಮೆಂತ್ಯೆ ಹೊಲಿಗೆ ಅಂದರೆ ಅಡ್ಡಡ್ಡ ದಾಟುವ ಎರಡು ಗೆರೆ. ಎರಡೂ ಪಿಕ್ಸೆಲ್‌ಗೆ ಹೇಳಿ ಮಾಡಿಸಿದ ಹಾಗಿವೆ.

ದಡಿಯ ದಪ್ಪ 10 ಪಿಕ್ಸೆಲ್ ಅಂತ ಇಟ್ಟುಕೊಂಡೆ. ಅಂದರೆ ನಡುವೆ ಫೋಟೋಗೆ 80 ಉಳಿಯುತ್ತದೆ. ಇದಕ್ಕಿಂತ ದಪ್ಪ ಮಾಡಿದರೆ ಫೋಟೋ ಕಿಟಕಿಯೊಳಗಿನ ಮುಖದ ಹಾಗೆ ಕಾಣುತ್ತದೆ. ಹೊರಗಿನಿಂದ ಒಳಗೆ ಲೆಕ್ಕ ಹೀಗೆ: ಒಂದು ಸಾಲು ಕಪ್ಪು, ಒಂದು ಸಾಲು ಕೇಸರಿ ಗೆರೆ, ಮತ್ತೆ ಒಂದು ಕಪ್ಪು, ಆಮೇಲೆ ಐದು ಸಾಲಿನಲ್ಲಿ ಮುರ್ಗಿ, ಒಂದು ಕಪ್ಪು, ಕೊನೆಗೆ ಒಂದು ಕೇಸರಿ. ಒಟ್ಟು ಹತ್ತು.

ಇಲ್ಲಿ ಒಂದು ಎಚ್ಚರಿಕೆ. ಗಿಂಪ್‌ನಲ್ಲಿ ಪೇಂಟ್‌ಬ್ರಷ್ ಬೇರೆ, ಪೆನ್ಸಿಲ್ ಬೇರೆ. ಪೇಂಟ್‌ಬ್ರಷ್ ಗೆರೆಯ ಪಕ್ಕದಲ್ಲಿ ಅರೆಬಣ್ಣ ಬಿಡುತ್ತದೆ. ದೊಡ್ಡ ಚಿತ್ರದಲ್ಲಿ ಅದು ನಯವಾಗಿ ಕಾಣುತ್ತದೆ. 100 ಪಿಕ್ಸೆಲ್‌ನಲ್ಲಿ ಮಾತ್ರ ಗೆರೆ ಮಸುಕಾಗುತ್ತದೆ. ಪೆನ್ಸಿಲ್ ಪಿಕ್ಸೆಲ್ ಪೂರ್ತಿ ತುಂಬುತ್ತದೆ, ಇಲ್ಲವೇ ಬಿಡುತ್ತದೆ. ಆದ್ದರಿಂದ ಪೆನ್ಸಿಲ್, ಅಳತೆ 1, ಜೂಮ್ 800. ಗೆರೆಗೆ ಸ್ಟ್ರೋಕ್ ಸೆಲೆಕ್ಷನ್, ಅಂದರೆ ಸೆಲೆಕ್ಟ್ ಮಾಡಿದ ಜಾಗದ ಗಡಿಗುಂಟ ತಾನೇ ಗೆರೆ ಎಳೆಯುವ ಆಯ್ಕೆ, ಕೂಡ ಬೇಡ. ಸೆಲೆಕ್ಷನ್‌ನ ಗಡಿ ಎರಡು ಪಿಕ್ಸೆಲ್‌ಗಳ ನಡುವೆ ಬೀಳುತ್ತದೆ. ಒಂದು ಪಿಕ್ಸೆಲ್‌ನ ಗೆರೆ ಎರಡು ಮಸುಕು ಗೆರೆಯಾಗುವ ಸಾಧ್ಯತೆ ಜಾಸ್ತಿ.

ಮುರ್ಗಿಯ ಒಂದು ಅಲೆಗೆ 8 ಪಿಕ್ಸೆಲ್ ಬೇಕು. ಕೆಳಗಿನಿಂದ ನಾಲ್ಕು ಹೆಜ್ಜೆ ಏರಿ, ನಾಲ್ಕು ಹೆಜ್ಜೆ ಇಳಿಯುವುದು. ಎರಡು ಮೂಲೆಗೆ ಹತ್ತು ಹತ್ತು ಬಿಟ್ಟರೆ ಉಳಿಯುವುದು 80. ಎಂಟು ಹತ್ತಲಿ ಎಂಬತ್ತು. ಲೆಕ್ಕ ಕೂಡಿತು ಅಂತ ಖುಷಿಯಿಂದ ಹಾಕಿದೆ. ಎಡ ಮೂಲೆ ಅಚ್ಚುಕಟ್ಟಾಗಿ ಬಂತು. ಬಲ ಮೂಲೆಗೆ ಬಂದಾಗ ಅಲೆ ಒಂದು ಪಿಕ್ಸೆಲ್ ಮೊದಲೇ ನಿಂತಿತ್ತು. ಕೊನೆಯ ಇಳಿತ ನೆಲ ಮುಟ್ಟಿರಲಿಲ್ಲ. ನಾಲ್ಕು ಬಾರಿ ಎಣಿಸಿದೆ. ತಪ್ಪು ಎಲ್ಲಿ ಅಂತ ಹೊಳೆಯಲಿಲ್ಲ.

ಮಾರನೆಯ ದಿನ ಶನಿವಾರ. ಲ್ಯಾಪ್‌ಟಾಪ್ ತಗೊಂಡು ಚಿಗವ್ವನ ಮನೆಗೆ ಹೋದೆ. ಅವರು ಪಡಸಾಲೆಯ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕನ್ನಡಕ ಸರಿ ಮಾಡಿಕೊಂಡು ಸ್ಕ್ರೀನ್ ನೋಡಿದರು. ಬೆರಳನ್ನು ಎಡಗಡೆಯಿಂದ ಬಲಗಡೆಗೆ ನಿಧಾನಕ್ಕೆ ಸರಿಸಿದರು.

“ಎಳಿ ಎಣಿಸೀಯೇನ ತಂಗಿ?”

“ಎಣಿಸೇನಿ ಚಿಗವ್ವ. ಎಂಬತ್ತು ಅದಾವ.”

“ಹತ್ತು ಅಂಕಣದ ಮನಿಗೆ ಕಂಬ ಎಷ್ಟು ಬೇಕು? ಹನ್ನೊಂದು. ನೀ ಹತ್ತ ಇಟ್ಟೀ.”

ಅಷ್ಟೇ. ಹತ್ತು ಅಲೆಗೆ ನೆಲ ಮುಟ್ಟುವ ಕಾಲುಗಳು ಹನ್ನೊಂದು ಬೇಕು. ಅಂದರೆ 80 ಅಲ್ಲ, 81 ಪಿಕ್ಸೆಲ್. ಆದರೆ 100ರಲ್ಲಿ 81 ಕಳೆದರೆ 19. ಎರಡು ಮೂಲೆಗೆ ಸಮ ಪಾಲು ಆಗುವುದಿಲ್ಲ. ಒಂದೇ ಪಿಕ್ಸೆಲ್‌ನ ತುದಿ ಇರುವ ಅಲೆ ಎಷ್ಟೇ ಹಾಕಿದರೂ ಎರಡೂ ಕಡೆ ಒಂದೇ ಥರ ಮುಗಿಯಬೇಕಾದರೆ ಬೆಸ ಸಂಖ್ಯೆಯೇ ಬೇಕು. ನಮ್ಮ ಐಕಾನ್ ಸಮ ಸಂಖ್ಯೆಯದು. ಜಗಳ ಇದ್ದದ್ದು ಅಲ್ಲಿ.

ಚಿಗವ್ವ ತಮ್ಮ ಕೈಯಲ್ಲಿದ್ದ ಬಟ್ಟೆ ಬಿಡಿಸಿ ತೋರಿಸಿದರು. ದಡಿಯ ನಟ್ಟ ನಡುವೆ ಒಂದು ಸಣ್ಣ ಬೇರೆ ಹೂವು ಇತ್ತು. ಎರಡೂ ಮೂಲೆಯಿಂದ ಹೊರಟ ಅಲೆಗಳು ಆ ಹೂವಿಗೆ ಬಂದು ನಿಂತಿದ್ದವು. ಎಳೆ ಹೆಚ್ಚು ಕಮ್ಮಿ ಆದದ್ದನ್ನೆಲ್ಲ ಆ ನಡುವಿನ ಹೂವು ನುಂಗಿಕೊಂಡಿತ್ತು. “ಮೊದ್ಲ ಮೂಲಿ ಕಟ್ಟು. ಆಮ್ಯಾಲೆ ಒಳಗ ಬಾ. ಕೂಡದಿದ್ರ ನಡುವ ಸರಿ ಮಾಡು” ಅಂದರು. ಆ ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನೂ ತೋರಿಸಿದರು. ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ. ಒಂದು ಗಂಟಿಲ್ಲ. ಎಷ್ಟು ಸಲ ನೋಡಿದರೂ ನನಗೆ ಅದು ಬೆರಗೇ.

ಅವತ್ತು ರಾತ್ರಿ ಎಲ್ಲ ಅಳಿಸಿ ಮೂಲೆಯಿಂದ ಶುರು ಮಾಡಿದೆ. ಎಡಗಡೆ 33 ಪಿಕ್ಸೆಲ್‌ನ ಅಲೆ, ನಾಲ್ಕು ಅಲೆ, ಕಾಲುಗಳು ಐದು. ಬಲಗಡೆಯೂ 33. ನಡುವೆ ಉಳಿದದ್ದು 14. ಅಲ್ಲಿ ಹಸಿರು ಬಣ್ಣದ ಒಂದು ಡೈಮಂಡ್ ಇಟ್ಟೆ. ಐದು ಸಾಲು: 2, 6, 10, 6, 2 ಪಿಕ್ಸೆಲ್. ಅದರ ಎರಡೂ ಪಕ್ಕ ಎರಡೆರಡು ಪಿಕ್ಸೆಲ್ ಖಾಲಿ. ತುದಿ ಎರಡು ಪಿಕ್ಸೆಲ್ ಅಗಲ ಇರುವುದರಿಂದ ಅದು ಸಮ ಸಂಖ್ಯೆಯ ನಡುವೆ ಸರಿಯಾಗಿ ಕೂರುತ್ತದೆ. ಮೂಲೆಯಲ್ಲಿ 5 ಸಾಲು, 5 ಕಂಬದ (ಮೇಲಿಂದ ಕೆಳಗಿನ ಸಾಲು) ಜಾಗದಲ್ಲಿ ಒಂದು ಮೆಂತ್ಯೆ, ಬಿಳಿ ಬಣ್ಣದ್ದು.

ಅಲೆಯನ್ನು ಕೈಯಲ್ಲಿ ಒಂದೊಂದಾಗಿ ಹಾಕಬೇಕಿಲ್ಲ. ಒಂದು ಅಲೆ ಬರೆದು, 8 ಅಗಲ 5 ಎತ್ತರದಷ್ಟು ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಗಿಂಪ್ ಅದನ್ನು ಪ್ಯಾಟರ್ನ್ ಪಟ್ಟಿಯಲ್ಲಿ ಕ್ಲಿಪ್‌ಬೋರ್ಡ್ ಹೆಸರಿನಲ್ಲಿ ತೋರಿಸುತ್ತದೆ. ಅದರಿಂದ ಜಾಗ ತುಂಬಬಹುದು. ಒಂದೇ ತೊಡಕು, ಪ್ಯಾಟರ್ನ್ ಶುರುವಾಗುವುದು ಲೇಯರ್‌ನ (ಒಂದರ ಮೇಲೊಂದು ಹಾಸುವ ಪದರ) ಮೇಲಿನ ಎಡ ಮೂಲೆಯಿಂದ. ನೀವು ಸೆಲೆಕ್ಟ್ ಮಾಡಿದ ಜಾಗದಿಂದ ಅಲ್ಲ. ಹಾಗಾಗಿ ನಾನು 33 ಅಗಲ, 5 ಎತ್ತರದ ಹೊಸ ಲೇಯರ್ ಮಾಡಿ, ಅದನ್ನು ತುಂಬಿ, ಆಮೇಲೆ ಜಾಗಕ್ಕೆ ಸರಿಸಿದೆ. ನಾಲ್ಕು ಅಲೆ ಮುಗಿದ ಮೇಲೆ ಉಳಿಯುವ ಒಂದು ಕಂಬದಲ್ಲಿ ಮುಂದಿನ ಅಲೆಯ ಮೊದಲ ಕಾಲು ತಾನಾಗಿ ಬಂದು ಕೂತಿತು. ಹನ್ನೊಂದನೆಯ ಕಂಬದ ಲೆಕ್ಕ ಇಲ್ಲೂ ಕೂಡಿತು.

ಮೇಲಿನ ದಡಿ ಆದಮೇಲೆ ಉಳಿದ ಮೂರು ಕಡೆ ಸುಲಭ. ಆದರೆ 100ಕ್ಕೆ 10ರ ಪಟ್ಟಿಯನ್ನು ಹಾಗೇ ತಿರುಗಿಸಿದರೆ ಅದು ತನ್ನ ನಡುವನ್ನೇ ಹಿಡಿದು ತಿರುಗಿ, ಎಲ್ಲೋ ಹೋಗಿ ನಿಲ್ಲುತ್ತದೆ. ಮೊದಲು ‘ಲೇಯರ್ ಟು ಇಮೇಜ್ ಸೈಜ್’ ಒತ್ತಿ. ಲೇಯರ್ 100ಕ್ಕೆ 100 ಆಗುತ್ತದೆ. ಆಮೇಲೆ ಡುಪ್ಲಿಕೇಟ್ ಮಾಡಿ 90 ಡಿಗ್ರಿ ತಿರುಗಿಸಿದರೆ ನೇರವಾಗಿ ಪಕ್ಕದ ಅಂಚಿಗೇ ಬಂದು ಕೂರುತ್ತದೆ. ಮೂರು ಸಲ ಮಾಡಿದರೆ ಚೌಕಟ್ಟು ಮುಗಿಯಿತು.

ಬಣ್ಣ ಮೂರೇ, ಜೊತೆಗೆ ಹಿನ್ನೆಲೆ. ಚಂದ್ರಕಾಳಿಯ ಕಪ್ಪಿನಲ್ಲಿ ಸ್ವಲ್ಪ ನೀಲಿ ಇರುತ್ತದೆ. ಅದಕ್ಕೆ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ) 20, 20, 35 ಹಾಕಿದೆ. ಕೇಸರಿಗೆ 230, 90, 30. ಅಪ್ಪಟ ಬಿಳಿ ಕಣ್ಣಿಗೆ ಚುಚ್ಚುತ್ತದೆ, 245, 240, 225 ನೂಲಿನ ಬಿಳಿಗೆ ಹತ್ತಿರ. ಐಕಾನ್‌ನಲ್ಲಿ ನಾಲ್ಕಕ್ಕಿಂತ ಜಾಸ್ತಿ ಬಣ್ಣ ಬೇಡ ಅಂತಲೇ ನನ್ನ ಅಭಿಪ್ರಾಯ. ಸೀರೆ ಮೇಲೆ ಚೆಂದ ಕಾಣುವ ನೇರಳೆ ಕಪ್ಪಿನ ಮೇಲೆ ಒಂದು ಪಿಕ್ಸೆಲ್‌ನಲ್ಲಿ ಕಾಣುವುದೇ ಇಲ್ಲ.

ಉಳಿಸುವಾಗ ಪಿಎನ್‌ಜಿ. ಜೆಪೆಗ್ ಬೇಡ. ಜೆಪೆಗ್ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ನ ತುಂಡು ಮಾಡಿ ಕುಗ್ಗಿಸುತ್ತದೆ. ಬಣ್ಣದ ವಿವರವನ್ನು ಸಾಮಾನ್ಯವಾಗಿ ಇನ್ನೂ ಕಡಿಮೆ ಮಾಡುತ್ತದೆ. ಕಪ್ಪಿನ ಮೇಲಿನ ಕೇಸರಿ ಗೆರೆ ಅದರಲ್ಲಿ ಒದ್ದೆ ಬಟ್ಟೆಯ ಬಣ್ಣದ ಹಾಗೆ ಹರಡಿತು. ನಾನೇ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ.

ಚೌಕದ ಐಕಾನ್ ಮುಗಿಯಿತು. ವಾಟ್ಸಾಪ್‌ನದು ಬೇರೆಯೇ ಕಥೆ. ಅಲ್ಲಿ ಡಿಪಿ ದುಂಡಗೆ ಕಾಣುತ್ತದೆ. ಚೌಕದೊಳಗೆ ಕೂರುವ ವೃತ್ತ ಚೌಕದ ಸುಮಾರು 78.5% ಜಾಗವನ್ನಷ್ಟೇ ಹಿಡಿಯುತ್ತದೆ. ಉಳಿದದ್ದೆಲ್ಲ ಮೂಲೆಯಲ್ಲೇ ಹೋಗುವುದು. ಅಷ್ಟು ಎಣಿಸಿ ಕಟ್ಟಿದ ನಾಲ್ಕು ಮೆಂತ್ಯೆಗಳೂ ಹೋದವು. ನಾಲ್ಕು ಕಡೆ ಒಂದೊಂದು ತುಂಡು ದಡಿ ಉಳಿಯಿತು.

ಗಿಂಪ್‌ನಲ್ಲಿ ಪೋಲಾರ್ ಕೋಆರ್ಡಿನೇಟ್ಸ್ ಅನ್ನುವ ಫಿಲ್ಟರ್ ಇದೆ. ಉದ್ದ ಪಟ್ಟಿಯನ್ನು ಬಳೆಯ ಹಾಗೆ ಬಗ್ಗಿಸುತ್ತದೆ. ಅದನ್ನೂ ಹಾಕಿದೆ. ದುಂಡಗೇನೋ ಬಂತು, ಆದರೆ ಪಿಕ್ಸೆಲ್ ಎಲ್ಲ ಕರಗಿ ಹೋಯಿತು. ಅದಕ್ಕಿಂತ ದೊಡ್ಡ ಕೊರತೆ, ಅದು ಕಸೂತಿ ಅನ್ನಿಸಲಿಲ್ಲ. ಎಳೆ ಎಣಿಸಿ ಹಾಕುವಾಗ ಸೂಜಿ ಅಡ್ಡ ಹೋಗುತ್ತದೆ, ಉದ್ದ ಹೋಗುತ್ತದೆ, ಓರೆ ಹೋಗುತ್ತದೆ. ಬಳೆಯ ಹಾಗೆ ಬಾಗುವುದಿಲ್ಲ. ಹಾಗಾಗಿ ವೃತ್ತ ಬಿಟ್ಟು ಎಂಟು ಮೂಲೆ ಮಾಡಿದೆ. ವೃತ್ತದೊಳಗೆ ಅದು ಸರಿಯಾಗಿ ಹಿಡಿಯುತ್ತದೆ.

ಅಳತೆ ನೋಡಿ. 100ರ ವೃತ್ತದೊಳಗೆ ಎಂಟು ಮೂಲೆ ಮುಟ್ಟುವಂತೆ ಹಾಕಿದರೆ ನೇರ ಬದಿ ಸುಮಾರು 38 ಪಿಕ್ಸೆಲ್. ಓರೆ ಬದಿ 27 ಅಡ್ಡ, 27 ಕೆಳಗೆ. ಎರಡು ಓರೆ ಮತ್ತು ಒಂದು ನೇರ ಕೂಡಿದರೆ 92. ಸುತ್ತ ನಾಲ್ಕು ನಾಲ್ಕು ಪಿಕ್ಸೆಲ್ ಉಸಿರಾಡಲು ಜಾಗ. ಈಗ ಓರೆ ಬದಿಯಲ್ಲಿ ಅಲೆ ಹೇಗೆ ಹಾಕುವುದು? 45 ಡಿಗ್ರಿ ಅಲೆಯನ್ನು ಇನ್ನೊಂದು 45 ಡಿಗ್ರಿ ತಿರುಗಿಸಿದರೆ ಅದರ ಗೆರೆಗಳು ಅಡ್ಡ ಮತ್ತು ಉದ್ದ ಆಗುತ್ತವೆ. ಅಂದರೆ ಮೆಟ್ಟಿಲು. ಮೂರು ಪಿಕ್ಸೆಲ್ ಅಡ್ಡ, ಮೂರು ಕೆಳಗೆ, ಹೀಗೆ ಒಂಬತ್ತು ಮೆಟ್ಟಿಲಿಗೆ 27 ಸರಿಯಾಗಿ ಮುಗಿಯಿತು. ಒಂದು ಪಿಕ್ಸೆಲ್ ಹೆಚ್ಚಿಲ್ಲ, ಕಮ್ಮಿ ಇಲ್ಲ. ಆ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ಚಿಗವ್ವನಿಗೆ ಆಗಲೇ ಫೋಟೋ ಕಳಿಸಿದೆ.

ಫೋನಿನ ಚಾಟ್ ಪಟ್ಟಿಯಲ್ಲಿ ಡಿಪಿ ಬಹಳ ಸಣ್ಣದು. ಅಲ್ಲಿ ನೋಡಿದಾಗ ಒಳಗಿನ ಕೇಸರಿ ಗೆರೆ ಅಲೆಗೆ ಅಂಟಿಕೊಂಡಂತೆ ಕಂಡಿತು. ಅದನ್ನು ತೆಗೆದುಬಿಟ್ಟೆ. ಹೊರಗಿನ ಗೆರೆಯನ್ನು ಎರಡು ಪಿಕ್ಸೆಲ್ ಮಾಡಿದೆ. ತಕ್ಷಣ ಬಿಡಿಸಿ ಕಾಣಿಸಿತು. ನೀವೂ ಸ್ಕ್ರೀನ್ ಮೇಲೆ ದೊಡ್ಡದಾಗಿ ನೋಡಿ ತೀರ್ಮಾನಿಸಬೇಡಿ. ಫೋನಿಗೆ ಕಳಿಸಿ, ಕೈಯಳತೆ ದೂರದಲ್ಲಿ ಹಿಡಿದು ನೋಡಿ.

ವಾಟ್ಸಾಪ್‌ಗೆ 100 ಪಿಕ್ಸೆಲ್ ಸಾಲದು. ಅಷ್ಟು ಸಣ್ಣ ಚಿತ್ರ ದೊಡ್ಡದು ಮಾಡಿದಾಗ ಮಸುಕಾಗುತ್ತದೆ. ಅದಕ್ಕೆ ಅಂಚನ್ನು ಆರು ಪಟ್ಟು, ಅಂದರೆ 600ಕ್ಕೆ ಹಿಗ್ಗಿಸಿದೆ. ಸ್ಕೇಲ್ ಇಮೇಜ್‌ನಲ್ಲಿ ಇಂಟರ್‌ಪೊಲೇಷನ್ (ಅಳತೆ ಬದಲಿಸುವಾಗ ನಡುವಿನ ಬಣ್ಣ ತುಂಬುವ ರೀತಿ) ಜಾಗದಲ್ಲಿ ‘ನನ್’ ಆರಿಸಬೇಕು. ಆಗ ಒಂದು ಪಿಕ್ಸೆಲ್ ಆರಕ್ಕೆ ಆರರ ಗಟ್ಟಿ ಚೌಕ ಆಗುತ್ತದೆ. ಐದೂವರೆ ಪಟ್ಟು, ಆರೂಕಾಲು ಪಟ್ಟು ಮಾಡಿದರೆ ಕೆಲವು ಎಳೆ ದಪ್ಪ, ಕೆಲವು ತೆಳು ಆಗುತ್ತವೆ. ಫೋಟೋಗೆ ಮಾತ್ರ ‘ಕ್ಯೂಬಿಕ್’. ಅದನ್ನು ಬೇರೆಯಾಗಿ ಮೂಲ ಫೋಟೋದಿಂದಲೇ ಬೇಕಾದ ಅಳತೆಗೆ ಇಳಿಸಿ, ಅಂಚಿನ ಕೆಳಗಿನ ಲೇಯರ್‌ನಲ್ಲಿ ಇಟ್ಟೆ.

ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲನ್ನು ಲೇಯರ್ ಕೂಡಿಸದೆ ಹಾಗೇ ಇಟ್ಟುಕೊಂಡಿದ್ದೇನೆ. ದೀಪಾವಳಿಗೆ ನಡುವಿನ ಡೈಮಂಡ್ ತೆಗೆದು ದೀಪ ಇಡಬೇಕು ಅಂತ ಗೆಳತಿಯರು ಕೇಳಿದ್ದಾರೆ. 14 ಪಿಕ್ಸೆಲ್ ಜಾಗ ಇದೆ, ಎತ್ತರ ಐದೇ. ಕುಡಿಯ ತುದಿ ಎರಡು ಪಿಕ್ಸೆಲ್ ಇರಬೇಕು. ಚಿಗವ್ವ ಗ್ರಾಫ್ ಹಾಳೆಯ ಮೇಲೆ ಈಗಾಗಲೇ ಎರಡು ಥರ ಹಾಕಿ ಕಳಿಸಿದ್ದಾರೆ.