ತೀರ್ಪನ್ನು ಕೊನೆಗೆ ಓದಿ: 19ನೇ ಶತಮಾನದ ಕರೋನರ್ ಕಾಗದ ಬಿಡಿಸುವುದು ಹೇಗೆ?

ಒಂದು ಹೆಣ ಸಿಕ್ಕಿದೆ. ಬಾವಿಯಲ್ಲೋ, ಹತ್ತಿ ಹೊಲದ ಬದುವಿನಲ್ಲೋ. ಯಾರೋ ಕುದುರೆ ಹತ್ತಿ ಹೋಗಿ, ಅಸಹಜ ಸಾವುಗಳ ತನಿಖೆ ಮಾಡುವ ಅಧಿಕಾರಿಯಾದ ಕರೋನರ್‌ಗೆ ಸುದ್ದಿ ಮುಟ್ಟಿಸುತ್ತಾರೆ. ಅವನು ಬಂದು ಸುತ್ತಮುತ್ತಲ ಹನ್ನೆರಡು ಜನ ಗಂಡಸರನ್ನು ಕೂಡಿಸುತ್ತಾನೆ. ಅವರು ಹೆಣ ನೋಡಬೇಕು, ಸಾಕ್ಷಿ ಕೇಳಬೇಕು, ಸತ್ತದ್ದು ಹೇಗೆ ಅಂತ ಬರೆದು ಸಹಿ ಹಾಕಬೇಕು. ಈ ಹನ್ನೆರಡು ಜನರೇ ಜ್ಯೂರಿ, ಅವರು ಬರೆದದ್ದೇ ತೀರ್ಪು. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಎಜ್‌ಫೀಲ್ಡ್‌ನಂಥ ಹಳ್ಳಿಗಾಡಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯ ಹಾಗೆ) 19ನೇ ಶತಮಾನದುದ್ದಕ್ಕೂ ನಡೆದದ್ದು ಇದೇ.

ಆ ಕಾಗದಗಳು ಇವತ್ತು ಮನೆಯಲ್ಲೇ ಕೂತು ಓದಲು ಸಿಗುತ್ತವೆ. ಜಾರ್ಜಿಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಸ್ಟೀಫನ್ ಬೆರ್ರಿ ಅವರ ‘ಸಿಎಸ್‌ಐ: ಡಿಕ್ಸಿ’ ಜಾಲತಾಣದಲ್ಲಿ 1800ರಿಂದ 1900ರವರೆಗಿನ 1,500ಕ್ಕೂ ಹೆಚ್ಚು ಇಂಥ ತನಿಖೆಗಳಿವೆ. ನಮ್ಮ ಠಾಣೆಗಳ ಶವ ಮಹಜರು ನೋಡಿದವರಿಗೆ ಇದು ತೀರಾ ಹೊಸದಾಗಿ ಕಾಣುವುದಿಲ್ಲ. ಕರೋನರ್ ಪದ್ಧತಿ ಇಂಗ್ಲೆಂಡಿನದು. ಅಮೆರಿಕಕ್ಕೆ ಹೋದ ಹಾಗೆ ಮುಂಬೈ, ಕಲ್ಕತ್ತಗಳಿಗೂ ಬಂದಿತ್ತು. ಮುಂಬೈಯಲ್ಲಂತೂ 1999ರವರೆಗೂ ಉಳಿದಿತ್ತು.

ಆದರೆ ಈ ಕಾಗದಗಳನ್ನು ಮೇಲಿನಿಂದ ಕೆಳಕ್ಕೆ ಸುಮ್ನೆ ಓದಿಕೊಂಡು ಹೋದರೆ ಮೋಸ ಹೋಗುತ್ತೀರಿ.

ಮೊದಲು ಊರು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

1868ರವರೆಗೆ ಸೌತ್ ಕೆರೊಲಿನಾದಲ್ಲಿ ‘ಕೌಂಟಿ’ ಎನ್ನುತ್ತಿರಲಿಲ್ಲ, ‘ಡಿಸ್ಟ್ರಿಕ್ಟ್’ ಎನ್ನುತ್ತಿದ್ದರು. ಹುಡುಕುವಾಗ ಎರಡೂ ಪದ ಹಾಕಿ. ಗಡಿಗಳೂ ಬದಲಾಗಿವೆ. ಎಜ್‌ಫೀಲ್ಡ್‌ನಿಂದ 1871ರಲ್ಲಿ ಏಕೆನ್‌ಗೆ ಒಂದು ತುಂಡು ಹೋಯಿತು, 1895ರಲ್ಲಿ ಸಲೂಡ ಬೇರೆಯಾಯಿತು, 1897ರಲ್ಲಿ ಗ್ರೀನ್‌ವುಡ್‌ಗೆ ಇನ್ನೊಂದು ತುಂಡು ಸೇರಿತು. ಒಂದೇ ಮನೆತನದ ಎರಡು ಸಾವುಗಳ ಕಾಗದ ಎರಡು ಕೌಂಟಿಗಳಲ್ಲಿ ಇರುವುದು ಹೀಗೆ.

ಶುರುವಿನ ಸಾಲುಗಳನ್ನು ದಾಟಿ

ಎಲ್ಲ ಕಾಗದಗಳ ಮೊದಲ ಪ್ಯಾರಾ ಹೆಚ್ಚುಕಮ್ಮಿ ಒಂದೇ. ಇಂಥ ದಿನ, ಇಂಥ ಜಾಗದಲ್ಲಿ, ಇಂಥವನ ದೇಹವನ್ನು ಕಣ್ಣಾರೆ ನೋಡಿ, ಪ್ರಮಾಣ ಮಾಡಿದ ಇಂತಿಂಥವರು ಹೇಳುವುದೇನೆಂದರೆ, ಅಂತ. ಕೊಲೆಯಾದರೆ ಇದರ ಜೊತೆಗೆ ಇನ್ನೊಂದು ಸಾಲು: ಕೊಂದವನು ‘ದೇವರ ಭಯ ಬಿಟ್ಟು, ಸೈತಾನನ ಪ್ರೇರಣೆಯಿಂದ’ ಹೀಗೆ ಮಾಡಿದ. ಮೊದಲ ಸಲ ಓದಿದಾಗ ಮೈ ಜುಮ್ ಅನ್ನುತ್ತದೆ. ಹತ್ತನೇ ಕಾಗದಕ್ಕೆ ಬರುವಷ್ಟರಲ್ಲಿ ಗೊತ್ತಾಗುತ್ತದೆ, ಇದು ನಮ್ಮ ಕ್ರಯಪತ್ರದ ‘ಸ್ವಸಂತೋಷದಿಂದ ಬರೆದುಕೊಟ್ಟ’ ಇದ್ದ ಹಾಗೆ. ಗುಮಾಸ್ತೆಯ ಮಾತು, ಜ್ಯೂರಿಯದಲ್ಲ.

ತಾರೀಕನ್ನು ಮಾತ್ರ ಹುಷಾರಾಗಿ ನೋಡಿ. ‘ಇನ್‌ಸ್ಟ್.’ ಎಂದಿದ್ದರೆ ಇದೇ ತಿಂಗಳು, ‘ಅಲ್ಟ್.’ ಎಂದಿದ್ದರೆ ಹೋದ ತಿಂಗಳು. ನಾನು ಮೊದಲು ‘ಇನ್‌ಸ್ಟ್.’ ಅಂದರೆ ಯಾವುದೋ ಸಂಸ್ಥೆಯ ಹೆಸರು ಅಂದುಕೊಂಡು ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ಹೆಸರುಗಳಲ್ಲೂ ಹೀಗೇ. ಜೆ, ಎನ್, ಓ ಅಂತ ಮೂರೇ ಅಕ್ಷರ ಇದ್ದರೆ ಅದು ಜಾನ್. ಡಬ್ಲ್ಯೂ, ಎಂ ಇದ್ದರೆ ವಿಲಿಯಂ.

ಸಾಕ್ಷಿಗಳ ಹೇಳಿಕೆಗೆ ನೇರ ಹಾರಿ

ನಿಜವಾದ ಸರಕು ಇರುವುದು ಇಲ್ಲಿ. ತೀರ್ಪು ಹನ್ನೆರಡು ಜನ ಒಪ್ಪಿಕೊಂಡ ಮಾತು. ಸಾಕ್ಷಿಯದು ಒಬ್ಬರೇ ನೋಡಿದ ಮಾತು. ಯಾರು ಎಲ್ಲಿ ನಿಂತಿದ್ದರು, ಎಷ್ಟು ಕುಡಿದಿದ್ದರು, ಯಾವ ಸಾಲಕ್ಕೆ ಜಗಳ ಶುರುವಾಯಿತು, ಒಲೆಯ ಕಿಡಿ ಮಗುವಿನ ಹತ್ತಿ ಅಂಗಿಗೆ ಹೇಗೆ ತಾಗಿತು, ಎಲ್ಲವೂ ಇಲ್ಲೇ.

ಕೆಳಗೆ ಸಹಿಯ ಜಾಗ ನೋಡಿ. ಒಂದು ‘ಎಕ್ಸ್’ ಗುರುತು, ಅದರ ಮೇಲೆ ಸಣ್ಣದಾಗಿ ‘ಅವನ’, ಕೆಳಗೆ ‘ಗುರುತು’ ಅಂತ ಬರೆದಿದ್ದರೆ ಸಾಕ್ಷಿಗೆ ಓದುಬರಹ ಬರುತ್ತಿರಲಿಲ್ಲ. ನಮ್ಮ ಹೆಬ್ಬೆಟ್ಟಿನ ಹಾಗೆಯೇ. ಅಂದರೆ ನೀವು ಓದುತ್ತಿರುವ ವಾಕ್ಯಗಳು ಅವನವಲ್ಲ. ಅವನು ಹೇಳಿದ್ದು, ಇನ್ನೊಬ್ಬ ಬರೆದುಕೊಂಡದ್ದು. ಆದರೂ ನಡುವೆ ಎಲ್ಲೋ ಒಂದು ಬೈಗುಳ ಹಾಗೇ ಉಳಿದಿರುತ್ತದೆ. ಅದು ಅವನದೇ.

ಸಾಕ್ಷಿ ಹೇಳಿದವರನ್ನು ಎಣಿಸಿದ ಮೇಲೆ ಹೇಳದವರನ್ನೂ ಎಣಿಸಿ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧಕ್ಕೆ (1861–65) ಮುಂಚೆ ಅಲ್ಲಿ ಕಪ್ಪು ಜನ ಬಿಳಿಯರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ. ಜ್ಯೂರಿಯಲ್ಲಿ ಕೂತವರೆಲ್ಲ ಬಿಳಿ ಗಂಡಸರು. ಎಜ್‌ಫೀಲ್ಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರಾಗಿದ್ದರು. ಹೊಲದಲ್ಲಿ ಒಬ್ಬ ಚಾಟಿ ಏಟಿಗೆ ಸತ್ತರೆ, ಅದನ್ನು ನೋಡಿದ ಹೆಚ್ಚಿನವರ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕಾನೂನು ಇರಲಿಲ್ಲ ಅಂತಲ್ಲ. ಬೇಕೆಂದೇ ಗುಲಾಮನನ್ನು ಕೊಂದರೆ ಮರಣದಂಡನೆ ಅಂತ 1821ರಲ್ಲೇ ಆ ರಾಜ್ಯ ಕಾಯ್ದೆ ಮಾಡಿತ್ತು. ಸಿಟ್ಟಿನ ಭರದಲ್ಲಿ ಕೊಂದೆ ಅಂತಾದರೆ ಹೆಚ್ಚೆಂದರೆ 500 ಡಾಲರ್ ದಂಡ, ಆರು ತಿಂಗಳು ಜೈಲು. ಯಾವ ದಾರಿ ಸಲೀಸು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಹೆಸರನ್ನು ಬರೆದಿಟ್ಟುಕೊಳ್ಳಿ

ಗುಲಾಮರ ಬಗ್ಗೆ 1850 ಮತ್ತು 1860ರ ಜನಗಣತಿಯಲ್ಲಿ ಪ್ರತ್ಯೇಕ ಪಟ್ಟಿಗಳಿವೆ. ಅವುಗಳಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ ಇರುತ್ತದೆ. ಹೆಸರಿಲ್ಲ. ಕರೋನರ್ ಕಾಗದದಲ್ಲಿ ‘ಇಂಥವರ ಸ್ವತ್ತಾದ ಇಂಥ ಹೆಸರಿನ ನೀಗ್ರೋ’ ಅಂತ ಒಂದು ಹೆಸರಾದರೂ ಸಿಗುತ್ತದೆ. ಬದುಕಿದ್ದಾಗ ಲೆಕ್ಕದ ಪುಸ್ತಕದಲ್ಲಿ ಅಂಕಿಯಾಗಿದ್ದವನಿಗೆ, ಬಾವಿಗೆ ಬಿದ್ದು ಸತ್ತ ಮೇಲೆ ಸರ್ಕಾರಿ ಕಾಗದದಲ್ಲಿ ಹೆಸರು. ಈ ಕಾಗದಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ, ರಕ್ತವಲ್ಲ.

ಅದೇ ಎಜ್‌ಫೀಲ್ಡ್‌ನಲ್ಲಿ ಡೇವ್ ಅಂತ ಒಬ್ಬ ಗುಲಾಮ ಕುಂಬಾರನಿದ್ದ. ಗುಲಾಮರಿಗೆ ಓದುಬರಹ ಕಲಿಸಬಾರದು ಅಂತ ರಾಜ್ಯ 1834ರಲ್ಲಿ ಕಾಯ್ದೆ ತಂದಿತ್ತು. ಆದರೂ ಅವನು ತಾನು ಮಾಡಿದ ದೊಡ್ಡ ದೊಡ್ಡ ಜಾಡಿಗಳ ಮೇಲೆ ತನ್ನ ಹೆಸರು, ತಾರೀಕು, ಒಮ್ಮೊಮ್ಮೆ ಎರಡು ಸಾಲಿನ ಪದ್ಯ ಕೊರೆಯುತ್ತಿದ್ದ. ಸಾಯದೆಯೇ ಹೆಸರು ಬರೆಸಿಕೊಂಡ ಕೆಲವೇ ಜನರಲ್ಲಿ ಅವನೂ ಒಬ್ಬ.

ಈಗ ತೀರ್ಪು ಓದಿ

‘ದೇವರ ಭೇಟಿಯಿಂದ ಸಾವು’ ಎಂದಿದ್ದರೆ ಭಯಪಡಬೇಡಿ. ಏಕಾಏಕಿ ಸತ್ತ, ಕಾರಣ ತಿಳಿಯಲಿಲ್ಲ ಅಂತ ಅರ್ಥ. ಕರೋನರ್ ಹೆಚ್ಚಾಗಿ ಡಾಕ್ಟರ್ ಆಗಿರುತ್ತಿರಲಿಲ್ಲ ಅನ್ನುವುದು ನೆನಪಿರಲಿ.

‘ತಾಯಿಯ ಮೈ ಕೆಳಗೆ ಸಿಕ್ಕಿ ಉಸಿರುಗಟ್ಟಿ’ ಎಂಬುದನ್ನು ಮಾತ್ರ ನಿಧಾನವಾಗಿ ಓದಿ. ಗುಲಾಮ ತಾಯಂದಿರ ಹಸುಗೂಸುಗಳ ಸಾವಿಗೆ ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅವಳ ಅಜಾಗ್ರತೆ ಅಂತ ಮಾಲೀಕರು ಷರಾ ಬರೆದು ಮುಗಿಸಿದರು. ಇತಿಹಾಸಕಾರ ಮೈಕೆಲ್ ಪಿ. ಜಾನ್ಸನ್ 1981ರಲ್ಲಿ ಸಾವಿನ ಪಟ್ಟಿಗಳನ್ನು ಕೂಡಿಸಿ ನೋಡಿ ಬೇರೆಯೇ ಮಾತು ಹೇಳಿದರು. ಇವುಗಳಲ್ಲಿ ಬಹಳಷ್ಟು ಇವತ್ತು ಡಾಕ್ಟರುಗಳು ‘ಸಿಡ್ಸ್’ ಎನ್ನುವ, ಮಲಗಿದಲ್ಲೇ ಆಗುವ ಶಿಶು ಸಾವು ಇರಬೇಕು. ಬಸುರಿಯರನ್ನು ಹೊಲದಲ್ಲಿ ಬೆನ್ನು ಮುರಿಯುವ ಹಾಗೆ ದುಡಿಸಿದ್ದಕ್ಕೂ ಇದಕ್ಕೂ ನಂಟಿದೆ ಎಂದರು.

ಇನ್ನೊಂದು, ‘ಗೊತ್ತಿಲ್ಲದ ವ್ಯಕ್ತಿಗಳ ಕೈಯಿಂದ’. ಗುಂಪು ಸೇರಿ ಒಬ್ಬನನ್ನು ಮರಕ್ಕೆ ನೇಣು ಹಾಕಿದ ಪ್ರಕರಣಗಳಲ್ಲಿ ಜ್ಯೂರಿ ಬರೆಯುತ್ತಿದ್ದ ಮಾತು ಇದು. ಇಡೀ ಊರಿಗೇ ಗೊತ್ತಿದ್ದರೂ ಕಾಗದಕ್ಕೆ ಗೊತ್ತಿಲ್ಲ. ಈ ಸಾಲು ಕಂಡರೆ ಅದೇ ವಾರದ ಪತ್ರಿಕೆ ತೆಗೆಯಿರಿ.

ಮುಂದಿನ ಕಡತ: ಹ್ಯಾಂಬರ್ಗ್

ತೀರ್ಪನ್ನು ನಂಬಬೇಡಿ ಅಂತ ಇಷ್ಟು ಹೊತ್ತು ಹೇಳಿದೆ. ಈ ಮಾತು ತಲೆಕೆಳಗಾಗುವ ಒಂದು ಕಾಗದವಿದೆ. ಸವಾನಾ ನದಿಯ ದಡದ ಹ್ಯಾಂಬರ್ಗ್ ಮೊದಲು ಎಜ್‌ಫೀಲ್ಡ್‌ನಲ್ಲೇ ಇತ್ತು, ಆಮೇಲೆ ಏಕೆನ್‌ಗೆ ಸೇರಿತು. 1876ರ ಜುಲೈ 4ರಂದು ಅಲ್ಲಿನ ಬೀದಿಯಲ್ಲಿ ಕಪ್ಪು ಜನರ ಸೇನಾ ತುಕಡಿ ಕವಾಯತು ಮಾಡುತ್ತಿತ್ತು. ಗಾಡಿಯಲ್ಲಿ ಬಂದ ಇಬ್ಬರು ಬಿಳಿಯರು ದಾರಿ ಬಿಡಿ ಅಂದರು. ಜಗಳ ದೂರಿಗೆ ಹೋಯಿತು. ಜುಲೈ 8ರಂದು ನೂರಾರು ಬಿಳಿಯರು ಬಂದೂಕು ಹಿಡಿದು ಬಂದರು. ನದಿಯಾಚೆಯ ಅಗಸ್ಟಾದಿಂದ ಫಿರಂಗಿ ತಂದರು. ಆ ರಾತ್ರಿ ಆರು ಜನ ಕಪ್ಪು ಗಂಡಸರು, ಒಬ್ಬ ಬಿಳಿಯ ಸತ್ತರು. ಸತ್ತ ಕಪ್ಪು ಜನರಲ್ಲಿ ಹೆಚ್ಚಿನವರನ್ನು ಸೆರೆ ಹಿಡಿದ ಮೇಲೆ ಗುಂಡಿಟ್ಟು ಕೊಂದದ್ದು.

ತನಿಖೆ ನಡೆಸಿದವರು ಪ್ರಿನ್ಸ್ ರಿವರ್ಸ್. ಹಿಂದೆ ಗುಲಾಮರಾಗಿದ್ದವರು, ಯುದ್ಧದಲ್ಲಿ ಉತ್ತರದ ಸೇನೆಯ ಸಾರ್ಜೆಂಟ್, ಆಗ ಅಲ್ಲಿನ ನ್ಯಾಯಾಧಿಕಾರಿ. ಅವರ ಕರೋನರ್ ಜ್ಯೂರಿ ‘ಗೊತ್ತಿಲ್ಲದ ವ್ಯಕ್ತಿಗಳು’ ಅನ್ನಲಿಲ್ಲ. 94 ಬಿಳಿಯರ ಮೇಲೆ ಕೊಲೆ ಆರೋಪ ಹೊರಿಸಿತು.

ಇಂಥ ಕಡೆ ಕರೋನರ್ ಕಾಗದಕ್ಕೇ ನಿಲ್ಲಬೇಡಿ. ‘ಜನರಲ್ ಸೆಷನ್ಸ್’ ಎಂಬ ಕ್ರಿಮಿನಲ್ ಕೋರ್ಟಿನ ಕಡತ ತೆಗೆಯಿರಿ. ದೋಷಾರೋಪದ ಬೆನ್ನಿಗೆ ‘ನೋ ಬಿಲ್’ ಎಂದು ಬರೆದಿದ್ದರೆ ಕೇಸು ಅಲ್ಲಿಗೇ ಬಿದ್ದುಹೋಯಿತು ಅಂತ. ಹ್ಯಾಂಬರ್ಗ್‌ನ 94 ಜನರಲ್ಲಿ ಒಬ್ಬನ ಮೇಲೂ ವಿಚಾರಣೆ ನಡೆಯಲಿಲ್ಲ. ಬಿಳಿಯರ ಪರ ಬಂದಿದ್ದ ವಕೀಲ ಮ್ಯಾಥ್ಯೂ ಬಟ್ಲರ್ ಮರುವರ್ಷವೇ ಸೆನೆಟರ್ ಆದರು. ದಾಳಿಯಲ್ಲಿದ್ದ ಬೆನ್ ಟಿಲ್‌ಮನ್ 1890ರಲ್ಲಿ ಗವರ್ನರ್ ಆಗಿ ಗೆದ್ದರು. ಆ ದಿನದ ಬಗ್ಗೆ ಅವರು ವೇದಿಕೆ ಹತ್ತಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. 1916ರಲ್ಲಿ ಪಕ್ಕದ ನಾರ್ತ್ ಅಗಸ್ಟಾದಲ್ಲಿ ಸ್ಮಾರಕವೂ ಎದ್ದಿತು, ಸತ್ತ ಒಬ್ಬ ಬಿಳಿಯನಿಗೆ.

ಉಳಿದ ಆರು ಜನರನ್ನು ಹುಡುಕುವುದಾದರೆ ಹೆಸರುಗಳು ಇವು: ಜೇಮ್ಸ್ ಕುಕ್, ಅಲನ್ ಅಟವೇ, ಡೇವಿಡ್ ಫಿಲಿಪ್ಸ್, ಹ್ಯಾಂಪ್ಟನ್ ಸ್ಟೀಫನ್ಸ್, ಆಲ್ಬರ್ಟ್ ಮಿನಿಯಾರ್ಟ್, ಮೋಸೆಸ್ ಪಾರ್ಕ್ಸ್. ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ಹಾಕಿ ನೋಡಿ. 1870ರ ಜನಗಣತಿಯಿಂದ ಶುರು ಮಾಡಿ. ಆ ಪುಸ್ತಕದಲ್ಲಿ ಕಪ್ಪು ಜನರ ಹೆಸರನ್ನೂ ಉಳಿದವರ ಹಾಗೆಯೇ ಬರೆದಿದ್ದಾರೆ.